ಲಿಫ್ಟಿನಲ್ಲಿ ಐವತ್ತು ನಿಮಿಷ

ಹುಬ್ಬಳ್ಳಿಯಲ್ಲಿ ಒಂದು ಅಪಾರ್ಟ್‌ಮೆಂಟ್. ಐದು ಮಹಡಿ, ಇಪ್ಪತ್ತು ಮನೆ, ಒಂದೇ ಲಿಫ್ಟ್… ದಿನಕ್ಕೊಂದು ಪಾರ್ಕಿಂಗ್ ಜಗಳ.

ನಾಲ್ಕನೇ ಮಹಡಿಯ ವೀರೇಶ ಕಡಕೋಳನಿಗೆ ಟೈಲ್ಸ್ ಅಂಗಡಿ. ತನ್ನ ಜಾಗದಲ್ಲಿ ಬೇರೆಯವರ ಗಾಡಿ ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಐದನೇ ಮಹಡಿಯಲ್ಲಿ ಇಂದುಮತಿ ಹಂಚಿನಾಳ. ಪೋಸ್ಟ್ ಆಫೀಸಿನಿಂದ ನಿವೃತ್ತರಾದವರು, ಒಬ್ಬರೇ ಇರುವವರು.

ಅವರ ಸ್ಕೂಟರ್ ಎರಡು-ಮೂರು ಸಲ ವೀರೇಶನ ಜಾಗದಲ್ಲಿ ನಿಂತಿತ್ತು. ಅವನು ಯಾಕೆ ಎಂದು ಕೇಳಲಿಲ್ಲ. ಸೀಟಿನ ಮೇಲೆ ಖಾರವಾದ ಚೀಟಿ ಅಂಟಿಸಿದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಇಬ್ಬರೂ ಒಂದೇ ಲಿಫ್ಟ್ ಹತ್ತಿದರು. ಅವನು ಮೊಬೈಲ್ ನೋಡುತ್ತ ನಿಂತ, ಅವರು ಬಾಗಿಲು ನೋಡುತ್ತ ನಿಂತರು.

ಎರಡನೇ ಮಹಡಿ ದಾಟಿತ್ತಷ್ಟೇ… ಕರೆಂಟ್ ಹೋಯಿತು.

ಜನರೇಟರ್ ಶುರುವಾಗಲಿಲ್ಲ. ಅದು ಕೆಟ್ಟು ತಿಂಗಳಾಗಿತ್ತು. ರಿಪೇರಿಗೆಂದು ಕರೆದ ಮೀಟಿಂಗು ಪಾರ್ಕಿಂಗ್ ಜಗಳದಲ್ಲೇ ಮುಗಿದಿತ್ತು.

ಅಲಾರಂ ಒತ್ತಿದರೆ ಸದ್ದಿಲ್ಲ. ಫೋನಿಗೆ ಸಿಗ್ನಲ್ ಇಲ್ಲ, ಟಾರ್ಚ್ ಹಚ್ಚಿದರೆ ಚಾರ್ಜೂ ಮುಗಿಯಿತು. ಬಾಗಿಲು ಬಡಿದು ಬಡಿದು ಕೈ ನೊಂದ ಮೇಲೆ ಕೆಳಗಿನಿಂದ ವಾಚ್‌ಮನ್ ದನಿ ಕೇಳಿತು.

"ಮೆಕ್ಯಾನಿಕ್‌ಗೆ ಫೋನ್ ಮಾಡೇನ್ರಿ ಸಾಹೇಬ್ರ. ಧಾರವಾಡದಾಗ ಅದಾನಂತ. ಬರಾಕ ಒಂದ್ ತಾಸು ಆಕ್ಕೈತಂತ್ರಿ."

ಒಂದು ತಾಸು…

ಕತ್ತಲೆ, ಸೆಕೆ, ಸುತ್ತಲೂ ತಗಡು. ವೀರೇಶನಿಗೆ ಎದೆ ಹಿಡಿದಂತಾಯಿತು. ಕುಸಿದು ಕುಳಿತ. ಎಷ್ಟು ಉಸಿರೆಳೆದರೂ ಸಾಲುತ್ತಿರಲಿಲ್ಲ.

ಆ ಕತ್ತಲೆಯಲ್ಲಿ ಇಂದುಮತಿಯವರ ಕೈ ಅವನ ಕೈ ಹಿಡಿಯಿತು.

"ಹೆದರಬ್ಯಾಡ್ರಿ. ಮ್ಯಾಲೆ ಸಂದಿ ಐತಿ, ಗಾಳಿ ಬರಾಕತ್ತೈತಿ. ನಾ ಎಣಸ್ತೀನಿ, ನೀವು ಸಾವಕಾಶ ಉಸಿರ ತಗೋರಿ… ಒಂದು… ಎರಡು…"

ಸ್ವಲ್ಪ ಹೊತ್ತಿನ ಮೇಲೆ ಅವನಿಗೆ ಮಾತು ಬಂತು. "ಅಕ್ಕಾರ… ಸುಮ್ನ ಕುಂತ್ರ ಜೀವ ಹ್ವಾದಂಗ ಆಗ್ತೈತಿ. ಏನರ ಮಾತಾಡ್ರಿ."

"ನನ್ನ ತಂಗಿ ಸುಮಿತ್ರಾನೂ ಹಿಂಗ ಹೆದರಾಕಿ. ಕತ್ತಲಂದ್ರ ನನ್ನ ಕೈ ಬಿಡತಿದ್ದಿಲ್ಲ."

"ಈಗ ಎಲ್ಲಿ ಅದಾರ್ರಿ?"

"ಹ್ವಾದ ದಸರಾದಾಗ ತೀರಕೊಂಡ್ಳು…"

ಅವರು ನಿಧಾನವಾಗಿ ಹೇಳತೊಡಗಿದರು.

"ದವಾಖಾನಿಯೊಳಗಿದ್ಳು. ಮುಂಜಾನೆ ಫೋನ್ ಮಾಡಿ, ಅಕ್ಕಾ, ಪುಂಡಿಪಲ್ಯ ತಿನ್ನಂಗಾಗೇತಿ, ಮಾಡ್ಕೊಂಡ ಬಾ ಅಂದ್ಳು. ಡಬ್ಬಿ ಕಟಗೊಂಡು ಕೆಳಗ ಬಂದ್ರ ಸ್ಕೂಟರಿನ ಎರಡೂ ಗಾಲ್ಯಾಗ ಗಾಳಿ ಇಲ್ಲ. ಅಷ್ಟು ಅವಸರ ಐತಿ ಅಂತ ನನಗೇನ ಗೊತ್ತಿತ್ತು… ದಬ್ಬಿಕೋತ ಪಂಕ್ಚರ್ ಅಂಗಡಿಗೆ ಹ್ವಾದೆ. ಪಂಕ್ಚರ್ ಅಲ್ರಿ, ಯಾರೋ ಗಾಳಿ ಬಿಟ್ಟಾರ ಅಂದಾ."

ವೀರೇಶ ಕತ್ತಲೆಯಲ್ಲೇ ತಲೆ ತಗ್ಗಿಸಿದ.

"ನಾ ಹೋಗಿ ಮುಟ್ಟೂದ್ರಾಗ ಐಸಿಯುಗೆ ಒಯ್ದಿದ್ರು. ಮತ್ತ ಆಕಿ ಕಣ್ಣ ತಗೀಲಿಲ್ಲ. ಹೋಗಾಕಿ ಹೋಗೇ ಹೋಗತಿದ್ಳೇನೋ… ಅರ್ಧಾ ತಾಸು ಮೊದಲ ಮುಟ್ಟಿದ್ರ ಒಂದ್ ತುತ್ತು ತಿನಸ್ತಿದ್ದೆ."

ದಸರೆಯ ಆ ಬೆಳಿಗ್ಗೆ ವೀರೇಶ ಊರಿನಿಂದ ಬಂದಾಗ ಅವನ ಜಾಗದಲ್ಲಿ ಆ ಸ್ಕೂಟರ್ ನಿಂತಿತ್ತು. ಅಕ್ಕಪಕ್ಕ ಯಾರೂ ಇರಲಿಲ್ಲ.

ಬಗ್ಗಿ ಕುಳಿತು ಎರಡೂ ಗಾಲಿಯ ಗಾಳಿ ಬಿಟ್ಟವನು… ಅವನೇ. ಇನ್ನಾದರೂ ಬುದ್ಧಿ ಬರಲಿ ಎಂದುಕೊಂಡು ಮನೆಗೆ ಹೋಗಿ ನೆಮ್ಮದಿಯಾಗಿ ತಿಂಡಿ ತಿಂದಿದ್ದ.

"ಆವತ್ತ… ನನ್ನ ಜಾಗದಾಗ ಯಾಕ ಹಚ್ಚಿದ್ರಿ ಅಕ್ಕಾರ?" ಎಂದು ಕೇಳಿದ.

"ಹಿಂದಿನ ದಿನ ಸಂಜೀಕ ನನ್ನ ಜಾಗದಾಗ ನೀರಿನ ಟ್ಯಾಂಕರ್ ನಿಂತಿತ್ರಿ. ಎಲ್ಲಾರ ಮನಿಗೂ ನೀರು ಬೇಕಲ್ಲ, ಬಿಟ್ಟುಕೊಟ್ಟೆ."

"ಗಾಳಿ ಬಿಟ್ಟಾವ್ರು ಯಾರಂತ ಪಾರ್ಕಿಂಗಿನ ಸಿಸಿ ಕ್ಯಾಮೆರಾದಾಗ ನೋಡ್ಲಿಲ್ಲೇನ್ರಿ?"

"ವಾಚ್‌ಮನ್ ತೋರಸ್ತೀನಿ ಅಂದಾ. ನಾನ ಬ್ಯಾಡ ಅಂದೆ. ಒಮ್ಮೆ ಗೊತ್ತಾದ್ರ, ದಿನಾ ಆ ಮಾರಿ ನೋಡ್ಕೋತ ಇದೇ ಬಿಲ್ಡಿಂಗಿನ್ಯಾಗ ಹೆಂಗ ಇರ್ಲಿ?"

ಅವನು ಸುಮ್ಮನಿದ್ದಿದ್ದರೆ ಅವರಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಆದರೆ ಅವನ ಕೈ ಇನ್ನೂ ಅವರ ಕೈಯಲ್ಲೇ ಇತ್ತು… ಎದ್ದು ಹೋಗೋಣವೆಂದರೆ ಬಾಗಿಲು ತೆರೆಯುವಂತಿರಲಿಲ್ಲ.

"ಅಕ್ಕಾರ… ಅದು ನಾನ."

ಇಂದುಮತಿಯವರು ಕೈ ಬಿಟ್ಟರು.

ಒಂದು ಬೈಗುಳವೂ ಬರಲಿಲ್ಲ. ಆ ಮೂಲೆಯಿಂದ ಸೆರಗು ಕಚ್ಚಿ ಅಳುವ ಸದ್ದು ಮಾತ್ರ ಕೇಳಿಸುತ್ತಿತ್ತು.

ವೀರೇಶನಿಗೆ ಮತ್ತೆ ಉಸಿರು ಕಟ್ಟತೊಡಗಿತು. ಸಹಾಯ ಕೇಳಲು ಮುಖವಿರಲಿಲ್ಲ. ಬಾಯಿಗೆ ಕರ್ಚೀಫು ಒತ್ತಿಕೊಂಡು ತಡೆದುಕೊಂಡ… ಆದರೂ ಏದುಸಿರು ಕೇಳಿಸಿಬಿಟ್ಟಿತು.

ಎಷ್ಟೋ ಹೊತ್ತಿನ ಮೇಲೆ ಆ ಕೈ ಮತ್ತೆ ಬಂತು.

"ಉಸಿರ ತಗೋರಿ," ಎಂದರು ಒಡೆದ ದನಿಯಲ್ಲಿ. "ಒಂದು… ಎರಡು…"

ಐವತ್ತು ನಿಮಿಷಕ್ಕೆ ಮೆಕ್ಯಾನಿಕ್ ಬಾಗಿಲು ತೆಗೆದ. ಇಂದುಮತಿಯವರು ತಿರುಗಿ ನೋಡದೆ ಮೆಟ್ಟಿಲು ಹತ್ತಿ ಹೋದರು.

ಮಾರನೇ ದಿನದಿಂದ, ಅವನಿದ್ದರೆ ಅವರು ಲಿಫ್ಟ್ ಹತ್ತುತ್ತಿರಲಿಲ್ಲ. ಅರವತ್ತೆರಡರ ವಯಸ್ಸಿನಲ್ಲಿ ಕಂಬಿ ಹಿಡಿದು ಐದು ಮಹಡಿ ಹತ್ತುತ್ತಿದ್ದರು.

ಅದನ್ನು ನೋಡಿ ವೀರೇಶ ಲಿಫ್ಟ್ ಹತ್ತುವುದನ್ನೇ ಬಿಟ್ಟ.

ಆ ಭಾನುವಾರ ಮೀಟಿಂಗ್ ಕರೆಸಿ, ಇಪ್ಪತ್ತೂ ಮನೆಯವರ ಎದುರು ತಾನು ಮಾಡಿದ್ದನ್ನು ತಾನೇ ಹೇಳಿದ. ಅಲಾರಂ, ಜನರೇಟರ್ ಎರಡೂ ಅದೇ ವಾರ ರಿಪೇರಿಯಾದವು.

ಮೂರು ವಾರ ಕಳೆಯಿತು. ಒಂದು ಸಂಜೆ ಅವನು ಮೆಟ್ಟಿಲ ಕಡೆ ಹೊರಟಾಗ ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಹಿಡಿದು ಇಂದುಮತಿಯವರು ನಿಂತಿದ್ದರು.

"ಬರ್ರಿ ಕಡಕೋಳರ."

"ಬ್ಯಾಡ್ರಿ ಅಕ್ಕಾರ… ನೀವು ಹೋಗ್ರಿ."

"ನನಗ ಇನ್ನೂ ಸಿಟ್ಟ ಐತಿ. ಆದ್ರೂ ಬರ್ರಿ. ಹಿಂಗ ಇಬ್ಬರೂ ಎಷ್ಟ ದಿನಾ ಸಿಕ್ಕೊಂಡ ಕೂಡೂಣು?"

ಅವನು ಒಳಗೆ ಬಂದ. ನಾಲ್ಕನೇ ಮಹಡಿಯವರೆಗೂ ವೀರೇಶ ಚಿಕ್ಕ ಮಗುವಿನಂತೆ ಅಳುತ್ತಿದ್ದ…

ಸಿಟ್ಟು ಬಂದಾಗ ಮೊದಲು ಬಾಗಿಲು ತಟ್ಟಿ ಕಾರಣ ಕೇಳಿ… ಆಮೇಲೂ ಜಗಳ ಬೇಕೆನಿಸಿದರೆ ಆಡಿ.

ಕಾರಣವನ್ನೇ ಕೇಳದೆ ನೀವು ಮಾತು ಬಿಟ್ಟಿರುವ ಮನೆ ನಿಮ್ಮ ಬಿಲ್ಡಿಂಗ್‌ನಲ್ಲಿ ಯಾವುದು?