ಬಿಸಿಲ ಪಡೆಗೆ ಒಬ್ಬರು

ಬೆಳಿಗ್ಗೆ ಬಿಸಿಗಾಳಿಯ ಸೈರನ್ ಕೂಗಿದರೆ ಕಲಬುರಗಿಯಲ್ಲಿ ಸಂಜೆಯವರೆಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ಆ ಹೊತ್ತಿನಲ್ಲೂ ಮನೆಮನೆ ತಿರುಗಿ, ಸೆಕೆಗೆ ಕುಸಿದವರನ್ನು ತಂಪು ಕೋಣೆಗೆ ಹೊತ್ತೊಯ್ಯುವ ಪಡೆಯನ್ನು ಓಣಿಯವರೇ ಕಟ್ಟಿಕೊಳ್ಳಬೇಕು. ಅದಕ್ಕೆ ಜನ ಕೂಡಿಸಲು ಹೊರಟ ಶಾಂತಾಬಾಯಿಗೆ ಇಡೀ ಓಣಿಯಲ್ಲಿ ಒಬ್ಬರೂ ಸಿಕ್ಕಿರಲಿಲ್ಲ. ಕೊನೆಯ ಮನೆಯ ಗುರುಬಸಮ್ಮ ಬಾಗಿಲನ್ನು ಅರ್ಧವೇ ತೆರೆದಳು.

"ಹೋದ ವರ್ಷ ನಮ್ಮಕ್ಕ ಒಳಗ ಸಾಯ್ಲಿಕತ್ತಾಗ ಯಾರ್ ಬಂದಿದ್ರಿ?"

"ಆಗ ಪಡೀನೇ ಇರ್ಲಿಲ್ಲಲ್ರೀ. ಅದಕ್ಕ ಕೇಳ್ಲಿಕ್ಕ ಬಂದೀನಿ," ಎಂದಳು ಶಾಂತಾಬಾಯಿ.

ಅಷ್ಟರಲ್ಲಿ ಸೈರನ್ ಕೂಗಿತು. ಗುರುಬಸಮ್ಮ ಬೈಯುತ್ತಲೇ ಅವಳನ್ನು ಒಳಗೆಳೆದು ಅಗುಳಿ ಹಾಕಿದಳು. ಇಬ್ಬರೂ ಕೂರಲಾರದೆ ಕತ್ತಲ ಕೋಣೆಯಲ್ಲಿ ಅತ್ತಿತ್ತ ಓಡಾಡಿದರು. ಮಧ್ಯಾಹ್ನ ಪಕ್ಕದ ಮನೆಯ ಮುದುಕ ಇಮಾಮಸಾಬ ಒಳಗಿಂದ ಗೋಡೆ ಬಡಿಯತೊಡಗಿದ. ಬಡಿತ ಬರಬರುತ್ತ ನಿಧಾನವಾಗಿ, ನಿಂತೇಹೋಯಿತು.

ಶಾಂತಾಬಾಯಿ ಚಾದರವೊಂದನ್ನು ನೀರಿನಲ್ಲಿ ಅದ್ದಿ ತಲೆಗೆ ಹೊದ್ದುಕೊಂಡಳು.

"ಒಬ್ಬಾಕಿ ಹ್ಯಾಂಗ ಎತ್ತತಿ ಆ ಮನಷಾನ್ನ?" ಎನ್ನುತ್ತ ಗುರುಬಸಮ್ಮ ಬಾಗಿಲು ತೆರೆದಳು. ಕಾಲಲ್ಲಿ ಚಪ್ಪಲಿ ಇಲ್ಲದ್ದನ್ನೂ ಮರೆತು, ಅವಳಿಗಿಂತ ಮೊದಲೇ ಬಿಸಿಲಿಗಿಳಿದಳು.