ನಾಲ್ಕನೇ ಕುರ್ಚಿ

ಪಬ್ಬಿನಲ್ಲಿ ನಾಲ್ವರೂ ಕೂರುವ ತನಕ ಯಾರೂ ಬಿಯರಿಗೆ ತುಟಿ ಹಚ್ಚಬಾರದು ಎಂಬುದು ಕಾಲೇಜಿನ ದಿನಗಳಿಂದಲೂ ಆ ಗೆಳೆಯರ ಕಟ್ಟಳೆ. ವರ್ಷದ ಮೇಲೆ ಇವತ್ತು ಬರುತ್ತೇನೆಂದಿದ್ದ ಗಿಲ್ಬರ್ಟ್‌ನ ಪತ್ತೆಯೇ ಇಲ್ಲ. ಮಗ್ಗುಗಳ ನೊರೆ ಇಳಿದಂತೆ ವಾಮನನ ಸಿಟ್ಟು ಏರುತ್ತಿತ್ತು.

“ಯಾವಾಗ ಫೋನ್ ಮಾಡಿದ್ರೂ ಹುಷಾರಿಲ್ಲ, ಹುಷಾರಿಲ್ಲ ಅಂತ ಒಂದೇ ರಾಗ! ಇವತ್ತು ಬಂದೇ ಬರ್ತೇನೆ ಅಂದವ ಎಲ್ಲಿ ಸತ್ತ?”

ಟೊಪ್ಪಿ ಹಾಕಿದ್ದ ಬಡಕಲು ಮನುಷ್ಯನೊಬ್ಬ ನಗುತ್ತಾ ಬಂದು ಖಾಲಿ ಕುರ್ಚಿಯ ಮೇಲೆ ಕೈಯಿಟ್ಟ.

“ಹಲೋ, ಅದು ನಮ್ಮ ದೋಸ್ತಿಯ ಜಾಗ! ಬೇರೆ ಕಡೆ ಕೂತ್ಕೊಳ್ಳಿ,” ವಾಮನ ಗದರಿದ.

ಆತನ ನಗು ಮಾಸಿತು. ಪಕ್ಕದ ಮೇಜಿಗೆ ಹೋಗಿ ಕೂತ.

ವಾಮನ ಹಲ್ಲು ಕಡಿಯುತ್ತಾ ಗಿಲ್ಬರ್ಟ್‌ಗೆ ಫೋನ್ ಮಾಡಿದ. ರಿಂಗಾದದ್ದು ಪಕ್ಕದ ಮೇಜಿನಲ್ಲಿ. ಟೊಪ್ಪಿಯವ ಫೋನ್ ಕಿವಿಗಿಟ್ಟ.

“ಕುರ್ಚಿ ಖಾಲಿ ಇಲ್ಲವಂತೆ, ಮಾರಾಯ.”