ಫಿಯೆಟ್ಟಿನ ಮುಳ್ಳು

“ಇದು ಕೆಟ್ಟಿಲ್ಲ ಸಾವ್ಕಾರ್ರೇ. ಯಾರೋ ಬೇಕೂಂತ್ಲೇ ಕೇಬಲ್ ಬಿಚ್ಚವ್ರೆ,” ಎನ್ನುತ್ತ ಪಾತಣ್ಣ ಕೈ ಒರೆಸಿಕೊಂಡು ಅಂಗಡಿಯ ಮೆಟ್ಟಿಲೇರಿದ.

ಸಾಹುಕಾರರ ಡ್ರೈವರ್ ದೊಡ್ಡಪಾಲಯ್ಯ ಬಾಗಿಲ ಕಡೆ ಸರಿದು ನಿಂತ.

ಚಳ್ಳಕೆರೆಯಲ್ಲಿ ಹಳೇ ಕಾರುಗಳ ಗಡಿಯಾರ, ಮೀಟರು ಕೆಟ್ಟರೆ ಜನ ಎಸ್‌ಟಿಡಿ ಬೂತಿನ ಪಕ್ಕದ ಈ ಅಂಗಡಿಗೇ ಬರುತ್ತಿದ್ದರು. ಹೊಸದು ಹಾಕಿಸಿ ಅನ್ನುವ ಮಾತೇ ಪಾತಣ್ಣನಲ್ಲಿ ಇರಲಿಲ್ಲ. ಅಲಾರಾಂ ಗಡಿಯಾರದ ಸ್ಪ್ರಿಂಗನ್ನೋ ಸ್ಕೂಟರ್ ಮೀಟರಿನ ಹಲ್ಲುಚಕ್ರವನ್ನೋ ಒಳಗೆ ಕೂರಿಸಿ, ಕಂಪನಿಯಿಂದ ಬಂದ ಮುಖವನ್ನು ಹಾಗೇ ಉಳಿಸಿ, ಅಗ್ಗದಲ್ಲಿ ಕೆಲಸ ಮುಗಿಸುತ್ತಿದ್ದ. ಶಶಿಕಾಂತ್ ಸಾಹುಕಾರರಿಗೆ ಬೇಕಿದ್ದೂ ಅದೇ. ಫಿಯೆಟ್ ತೀರಿಹೋದ ಅಪ್ಪನದು. ಅಪ್ಪ ಇರುವಷ್ಟು ದಿನ ಮನೆಯವರು ಯಾರೂ ಅದರ ಸ್ಟಿಯರಿಂಗ್ ಮುಟ್ಟುವಂತಿರಲಿಲ್ಲ. ಹಾಗಾಗಿ ಶಶಿಕಾಂತ್ ಎಣ್ಣೆ ಮಿಲ್ಲು ನಡೆಸುವುದು ಕಲಿತರು, ಕಾರು ಕಲಿಯಲಿಲ್ಲ.

“ಗಡಿಯಾರ ಓಡ್ತೈತೆ, ಪೆಟ್ರೋಲ್ ಮುಳ್ಳೂ ಏಳ್ತೈತೆ. ಸ್ಪೀಡ್ ಮೀಟರ್‌ಗೆ ಮಾತ್ರ ರಿಪೇರೀನೇ ಬೇಕಿರ್ಲಿಲ್ಲ. ಕೇಬಲ್ ಸಿಕ್ಕಿಸ್ದೆ, ಸರಿಹೋತು,” ಎಂದ ಪಾತಣ್ಣ.

ಶಶಿಕಾಂತ್ ಡ್ರೈವರನ ಕಡೆ ತಿರುಗಿದರು. “ಪೆಟ್ರೋಲು ಖಾಲಿಯಾಗ್ತೈತೆ, ಮೀಟರ್‌ನಾಗೆ ಕಿಲೋಮೀಟರು ಏರಲ್ಲ. ಈಗ ಗೊತ್ತಾತು. ಎಲ್ಲಿಗೆ ಹೋಗ್ತಿದ್ದೆ?”

ಪಾಲಯ್ಯ ರಸ್ತೆಯಾಚೆ ನೋಡಿದ. ಬೇವಿನ ನೆರಳಲ್ಲಿ ಫಿಯೆಟ್ ನಿಂತಿತ್ತು. ಹಿಂದಿನ ಸೀಟಿನಲ್ಲಿ ಸಾಹುಕಾರರ ತಾಯಿ ತಿಪ್ಪೇರುದ್ರಮ್ಮ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದರು. ಮೊಮ್ಮಗಳ ನಿಶ್ಚಿತಾರ್ಥಕ್ಕೆ ಸೀರೆ ಆರಿಸಲು ಮೊಳಕಾಲ್ಮುರಿಗೆ ಹೊರಟವರು.

“ಮೆಲ್ಲಗೆ ಸಾವ್ಕಾರ್ರೇ, ಅವ್ವಾರಿಗೆ ಕೇಳಿಸ್ತೈತೆ.”

“ಅವ್ವ ಅದಾಳೆ ಅಂತ್ಲೇ ಕೈ ಎತ್ತಿಲ್ಲ.” ದನಿ ತಗ್ಗಿತು, ಸಿಟ್ಟು ತಗ್ಗಲಿಲ್ಲ. “ಮೊನ್ನೆ ಕಾರಿನ ಕನ್ನಡಿ ಅಂಚಿಗೆ ಪೌಡರ್ ಮೆತ್ತಿತ್ತು. ಸಣ್ಣ ಸಣ್ಣ ಬೆರಳಿನ ಗುರುತು. ಕನ್ನಡೀನೂ ಕೆಳಕ್ಕೆ ಬಗ್ಗಿತ್ತು. ಅದ್ರಾಗೆ ಮುಖ ನೋಡ್ಕಂಡು ಪೌಡರ್ ಬಳ್ಕಳ್ಳೋ ಹೆಂಗ್ಸು ಯಾರಲೇ?”

ಹೇಳಿದರೆ ಪಾಲಯ್ಯ ಕೊಟ್ಟ ಮಾತು ಹೋಗುತ್ತದೆ, ಹೇಳದಿದ್ದರೆ ಅನ್ನ ಹೋಗುತ್ತದೆ. ಇನ್ನು ಈ ಪೌಡರಿನ ಸುದ್ದಿ ಹೆಂಡತಿ ಯರ್ರಮ್ಮನ ಕಿವಿಗೆ ಬಿದ್ದರೆ?

“ನಾನು ಯಾವ ಹೆಂಗ್ಸುನ್ನೂ ಕರ್ಕಂಡು ಹೋಗಿಲ್ಲ ಸ್ವಾಮಿ. ದೇವರಾಣೆ.”

“ಮತ್ತೆ ಕೇಬಲ್ ಬಿಚ್ಚಿದ್ದು?”

“ನಾನೇ.”

“ಯಾಕೆ?”

ಪಾಲಯ್ಯ ಮತ್ತೆ ಕಾರಿನ ಕಡೆ ನೋಡಿದ. ಪಾತಣ್ಣ ತಲೆ ಆಡಿಸಿದ. “ಏಮಯ್ಯಾ, ತಲೆಕೂದ್ಲು ಬೆಳ್ಳಗಾದ್ಮೇಲೆ ನಿನಗ್ಯಾಕೆ ಬೇಕಿತ್ತು ಇದೆಲ್ಲ?”

“ಇಲ್ಲಿ ಬೇಡ ಬಿಡು, ಪೊಲೀಸ್ ಸ್ಟೇಷನ್ನಾಗೆ ಹೇಳುವಂತೆ. ಕೀಲಿ ಕೊಡು,” ಎಂದರು ಶಶಿಕಾಂತ್.

ಪಾಲಯ್ಯ ಜೇಬಿನಿಂದ ಕೀಲಿ ತೆಗೆದು ಕೊಟ್ಟ.

“ಎಲ್ಲಾ ಸರಿ,” ಎಂದ ಪಾತಣ್ಣ. “ಮೊಳಕಾಲ್ಮುರು ತನ್ಕ ಗಾಡಿ ಯಾರು ಹೊಡೀತಾರೆ?”

ಶಶಿಕಾಂತ್ ಅಂಗೈಯಲ್ಲಿದ್ದ ಕೀಲಿಯನ್ನು ತಿರುಗಿಸಿ ನೋಡಿದರು.

ಅಷ್ಟರಲ್ಲಿ ಕಾರಿನ ಬಾಗಿಲು ತೆರೆಯಿತು. ತಿಪ್ಪೇರುದ್ರಮ್ಮ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ದಾಟಿ ಬಂದರು. ಮಗನ ಮುಖ ನೋಡಿದರು, ಡ್ರೈವರನ ಮುಖ ನೋಡಿದರು. ಪಾಲಯ್ಯ ತಲೆ ತಗ್ಗಿಸಿದ.

“ಅವನ್ನ ಬೈಬೇಡ. ಕೀಲಿ ತಾ ಇತ್ಲಾಗೆ.”

“ಅವ್ವಾ, ನಿನಗೆ ಗೊತ್ತಿಲ್ಲ, ಇವನು ನಮ್ಮ ಕಾರ್‌ನಾಗೆ...”

“ಗೊತ್ತೈತೆ. ಇಬ್ರೂ ಹಿಂದೆ ಕೂತ್ಕಳಿ.”

ಅವರು ಡ್ರೈವರ್ ಸೀಟಿಗೆ ದಿಂಬು ಹಾಕಿ ಹತ್ತಿ ಕೂತರು. ಹಣೆಯ ವಿಭೂತಿಯನ್ನು ಮೂರು ಬೆರಳಿನಲ್ಲಿ ಮುಟ್ಟಿ ಸ್ಟಿಯರಿಂಗಿಗೆ ಹಚ್ಚಿದರು. ಅದೇ ಬೆರಳಿನಿಂದ ಕನ್ನಡಿಯನ್ನು ತಮ್ಮ ಎತ್ತರಕ್ಕೆ ಬಗ್ಗಿಸಿಕೊಂಡರು. ಅದರ ಅಂಚಿಗೆ ಸಣ್ಣ ಸಣ್ಣ ಬಿಳಿ ಗುರುತು ಬಿತ್ತು.

ಫಿಯೆಟ್ ಮೊಳಕಾಲ್ಮುರು ರಸ್ತೆಗೆ ತಿರುಗಿತು. ಸ್ಪೀಡ್ ಮೀಟರಿನ ಮುಳ್ಳು ಮೆಲ್ಲಗೆ ಮೇಲೆದ್ದಿತು.